ಬರೀ ‘ಸರಿಯಿಲ್ಲ’ ಅಂದ್ರೆ ಸಾಲದು

(ಸಂಘದ ವಾರ್ಷಿಕ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ನಾನು ಭಾಷಣ ಮಾಡೋನಲ್ಲ. ನಮ್ಮ ಕಾರ್ಯಕ್ರಮಗಳಲ್ಲಿ ನೀವು ನನ್ನನ್ನ ನೋಡಿರೋದು ಎರಡೇ ಜಾಗದಲ್ಲಿ. ಒಂದು, ವೇದಿಕೆ ಹಿಂದೆ ಕೇಬಲ್ ಎಳೆಯುವಾಗ. ಇನ್ನೊಂದು, ಆರ್ಕೆಸ್ಟ್ರಾದ ಎಡಗಡೆ ಮೂಲೆಯಲ್ಲಿ ಗಿಟಾರ್ ಹಿಡ್ಕೊಂಡು ನಿಂತಿರುವಾಗ. ಕಾರ್ಯದರ್ಶಿಗಳು ಫೋನ್ ಮಾಡಿ, “ನಿನ್ನ ಗಿಟಾರ್ ಸೌಂಡ್ ಎಲ್ಲಾ ಅಳಿಸಿ ಹೋಗಿತ್ತಲ್ಲಪ್ಪ, ಆಮೇಲೆ ಆ ಕಂಪನಿಯವರಿಗೆ ಕಾಗದ ಬರೆದು ಸರಿ ಮಾಡಿಸಿದೆಯಲ್ಲ, ಅದನ್ನ ಹೇಳು. ನಮ್ಮ ಹುಡುಗರಿಗೆ ಉಪಯೋಗಕ್ಕೆ ಬರುತ್ತೆ” ಅಂದ್ರು. ಹಂಗಾಗಿ ನಿಂತಿದ್ದೀನಿ.

ನನ್ನ ಓದು ಸರಕಾರಿ ಐಟಿಐ, ಎಲೆಕ್ಟ್ರೀಷಿಯನ್ ಟ್ರೇಡ್, ಎರಡು ವರ್ಷ. ಊರು ತುಮಕೂರು ಕಡೆ. ಇಲ್ಲಿ ಯುಎಇಗೆ ಬಂದಿದ್ದು 2014ರಲ್ಲಿ. ಮೊದಲು ಸೈಟ್, ಈಗ ಬಿಲ್ಡಿಂಗ್ ಮೇಂಟೆನೆನ್ಸ್. ಅಂದ್ರೆ ಬೆಳಗ್ಗೆಯಿಂದ ಸಂಜೆ ತನಕ ಬೇರೆಯವರ ದೂರು ಓದೋದೇ ನನ್ನ ಕೆಲಸ. ಅದನ್ನ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಇಡೀ ಕಥೆಗೆ ಅದೇ ಬೇಕು.

ದೂರಿನ ಚೀಟಿ ಎರಡು ಥರ ಬರುತ್ತೆ. ಒಂದು ಚೀಟಿಯಲ್ಲಿ “ಲೈಟ್ ಸರಿಯಿಲ್ಲ, ಅರ್ಜೆಂಟ್” ಅಂತಿರುತ್ತೆ. ಯಾವ ಲೈಟು? ಯಾವ ರೂಮು? ಉರೀತಾನೇ ಇಲ್ವೋ, ಮಿಣಮಿಣ ಅಂತಿದೆಯೋ? ಒಂದೂ ಗೊತ್ತಾಗಲ್ಲ. ಇನ್ನೊಂದು ಚೀಟಿಯಲ್ಲಿ “304ನೇ ಫ್ಲಾಟ್. ಗೀಸರ್ ಹಾಕಿ ಹತ್ತು ನಿಮಿಷ ಆದ ಮೇಲೆ ಬ್ರೇಕರ್ ಬೀಳುತ್ತೆ. ಗೀಸರ್ ಆಫ್ ಇದ್ದರೆ ಬೀಳಲ್ಲ. ಮೂರು ದಿನದಿಂದ ಹೀಗೇ” ಅಂತಿರುತ್ತೆ. ಎರಡನೇ ಚೀಟಿ ಬರೆದವರ ಮನೆಗೆ ನಾನು ಹೋಗೋಷ್ಟರಲ್ಲಿ ಅರ್ಧ ರಿಪೇರಿ ತಲೆಯಲ್ಲೇ ಆಗಿರುತ್ತೆ. ಕೈಯಲ್ಲಿ ಬೇಕಾದ ಸಾಮಾನೂ ಇರುತ್ತೆ. ಮೊದಲನೇ ಚೀಟಿಗೆ ಬರೀ ಟೆಸ್ಟರ್ ಹಿಡ್ಕೊಂಡು ಹೋಗಿ, ಏಣಿ ತರೋಕೆ ವಾಪಸ್ ಬಂದು, ಮತ್ತೆ ಹೋಗಬೇಕು.

ಇದು ನೆನಪಿರಲಿ. ಈಗ ಗಿಟಾರ್ ವಿಷಯಕ್ಕೆ ಬರ್ತೀನಿ.

ಕ್ಯಾಂಪ್‌ನಲ್ಲಿ ನಾವು ಒಂದು ರೂಮಿಗೆ ಆರು ಜನ ಇದ್ವಿ. ಅದರಲ್ಲಿ ಒಬ್ಬರು ಉಡುಪಿ ಕಡೆಯವರು, ಎಸಿ ಟೆಕ್ನೀಷಿಯನ್. ಊರಲ್ಲಿ ಚರ್ಚ್‌ನಲ್ಲಿ ಗಿಟಾರ್ ನುಡಿಸ್ತಿದ್ರು. ಅವರ ಹೆಸರು ಹೇಳೋದಿಲ್ಲ, ಅವರಿಗೆ ಇಷ್ಟ ಆಗಲ್ಲ. ಕ್ಯಾಂಪಿನಲ್ಲಿ ಎಲ್ಲರೂ ಕರೀತಿದ್ದಿದ್ದು ಗಿಟಾರ್ ಅಣ್ಣ ಅಂತ. ನನಗೆ ಮೊದಲ ಕಾರ್ಡ್ ಹಿಡಿಯೋದು ಹೇಳಿಕೊಟ್ಟವರು ಅವರೇ. ನನ್ನ ಬೆರಳು ನೋಡಿ, “ಸ್ಕ್ರೂ ತಿರುಗಿಸುವ ಕೈಗೆ ತಂತಿ ನೋಯುವುದಿಲ್ಲ ಮಾರಾಯ, ನಿನಗೆ ಬೇಗ ಬರ್ತದೆ” ಅಂದಿದ್ರು.

ರೂಮಿನಲ್ಲಿ ಇಬ್ಬರು ನೈಟ್ ಶಿಫ್ಟ್. ಯಾವಾಗ ನೋಡಿದರೂ ಯಾರೋ ಒಬ್ಬರು ಮಲಗಿರ್ತಾರೆ. ಅಲ್ಲಿ ಗಿಟಾರ್ ಜೋರಾಗಿ ನುಡಿಸಿದರೆ ಚಪ್ಪಲಿ ಬೀಳುತ್ತೆ. ಅದಕ್ಕೆ ಅಣ್ಣ ಹೆಡ್‌ಫೋನ್ ಹಾಕೋ ಸಣ್ಣ ಆಂಪ್ ಒಂದನ್ನ ಕೊಂಡಿದ್ರು. 20 ವಾಟು, ಏಳು ಕಿಲೋ ತೂಕ. ಇದರೊಳಗೆ ಹಳೇ ಕಾಲದ ವಾಲ್ವ್ ಇಲ್ಲ, ಚಿಪ್ ಇದೆ. ಹಿಂದೆ ಬೇರೆ ಬೇರೆ ಸೌಂಡ್ ಬೇಕು ಅಂದ್ರೆ ಬೇರೆ ಬೇರೆ ಆಂಪ್ ಬೇಕಿತ್ತು. ತಿಳಿಯಾದ, ಗಂಟೆಯಂಥ ಸೌಂಡಿಗೆ ಅಮೆರಿಕದ ಫೆಂಡರ್, ಗುರ್ ಅನ್ನೋ ಸೌಂಡಿಗೆ ಇಂಗ್ಲೆಂಡಿನ ಮಾರ್ಷಲ್, ಹೀಗೆ. 1998ರಲ್ಲಿ ಲೈನ್ 6 ಅನ್ನೋ ಕಂಪನಿ ‘ಪಾಡ್’ ಅಂತ ಒಂದು ಕೆಂಪು ಪೆಟ್ಟಿಗೆ ತಂತು. ಆ ಎಲ್ಲಾ ಆಂಪ್‌ಗಳ ನಡವಳಿಕೆಯನ್ನ ಲೆಕ್ಕ ಹಾಕಿ ನಕಲು ಮಾಡೋ ಪೆಟ್ಟಿಗೆ. ಅಲ್ಲಿಂದಾಚೆಗೆ ಈ ವಿದ್ಯೆ ಎಲ್ಲೆಲ್ಲೂ ಹರಡ್ತು. ಈಗ ನಮ್ಮಂಥೋರ ಒಂದು ತಿಂಗಳ ಓವರ್‌ಟೈಮ್ ದುಡ್ಡಿಗೆ ಸಿಗೋ ಆಂಪಿನಲ್ಲೂ ಅದು ಇದೆ.

ಈ ಆಂಪಿನಲ್ಲಿ ನೀವು ಗೇನ್, ಬಾಸ್, ಮಿಡ್ಲ್, ಟ್ರೆಬಲ್, ಎಕೋ, ರಿವರ್ಬ್ ಎಲ್ಲಾ ಬೇಕಾದ ಹಾಗೆ ತಿರುಗಿಸಿಟ್ಟು, ಒಂದು ಹೆಸರು ಕೊಟ್ಟು ಉಳಿಸಬಹುದು. ಅದಕ್ಕೆ ಪ್ರೀಸೆಟ್ ಅಂತಾರೆ. ಆಮೇಲೆ ಒಂದು ಬಟನ್ ಒತ್ತಿದರೆ ಎಲ್ಲಾ ನಾಬೂ ಆ ಜಾಗಕ್ಕೆ ಬಂದ ಹಾಗೆ. ನಮ್ಮ ಆಂಪ್ ಒಳಗೆ ಎಂಟು ಪ್ರೀಸೆಟ್‌ಗೆ ಜಾಗ. ಅದಕ್ಕಿಂತ ಜಾಸ್ತಿ ಬೇಕು ಅಂದ್ರೆ ಯುಎಸ್‌ಬಿ ವೈರ್ ಹಾಕಿ ಕಂಪ್ಯೂಟರಿನಲ್ಲಿ ಇಟ್ಕೋಬೇಕು. ಅವನ್ನ ಜೋಡಿಸಿಡೋಕೆ, ಹುಡುಕೋಕೆ, ಆಂಪಿಗೆ ಹಾಕೋಕೆ, ಅಲ್ಲಿಂದ ತೆಗೆಯೋಕೆ ಒಂದು ಸಾಫ್ಟ್‌ವೇರ್ ಇರುತ್ತೆ.

ಇದು ಯಾಕೆ ಬೇಕು ಅಂತ ಬೇರೆ ಕೆಲಸದವರಿಗೆ ಅನ್ನಿಸಬಹುದು. ನಮ್ಮ ಎಲೆಕ್ಟ್ರೀಷಿಯನ್‌ಗಳಿಗೆ ಒಂದೇ ಮಾತಲ್ಲಿ ಗೊತ್ತಾಗುತ್ತೆ: ಲೇಬಲ್ ಇಲ್ಲದ ಡಿಬಿ. ಬಾಗಿಲು ತೆಗೀತೀರಿ, 24 ಬ್ರೇಕರ್ ಇದೆ, ಯಾವುದು ಯಾವ ರೂಮಿನದು ಅಂತ ಒಂದು ಚೀಟಿಯೂ ಇಲ್ಲ. ಒಂದೊಂದೇ ಇಳಿಸಿ, “ಏನಾದ್ರೂ ಆಫ್ ಆಯ್ತಾ?” ಅಂತ ಕೂಗಬೇಕು. ನನ್ನ ಕಂಪ್ಯೂಟರಿನಲ್ಲಿ ಪ್ರೀಸೆಟ್‌ಗಳು ಹಾಗೇ ಇದ್ವು. ‘ನ್ಯೂ 1’, ‘ನ್ಯೂ 2’, ‘ಫೈನಲ್’, ‘ಫೈನಲ್ ಕರೆಕ್ಟ್’, ‘ಫೈನಲ್ ಇದೇ’. ಹಾಡು ಶುರು ಆಗೋಕೆ ಹತ್ತು ಸೆಕೆಂಡ್ ಇರುವಾಗ ಇದರಲ್ಲಿ ಯಾವುದು ಅಂತ ಹುಡುಕೋದು? ತಪ್ಪು ಬಟನ್ ಒತ್ತಿ, ರಾಜನ್-ನಾಗೇಂದ್ರ ಅವರ ಮೆಲೋಡಿಗೆ ಗುರ್ ಅಂತ ಸೌಂಡ್ ಬಂದು, ಹಾಡ್ತಿದ್ದ ಅಕ್ಕ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ.

2020ರಲ್ಲಿ ಅಣ್ಣನ ಕಂಪನಿ ಕೆಲಸ ನಿಲ್ಲಿಸ್ತು. ಅವರು ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟ್ರು. ಲಗೇಜ್ 30 ಕಿಲೋ. ಆಂಪ್ ತಗೊಂಡ್ರೆ ಮಕ್ಕಳ ಸಾಮಾನು ಬಿಡಬೇಕು. “ನೀನೇ ಇಟ್ಕೋ” ಅಂತ ನನಗೆ ಕೊಟ್ಟು ಹೋದ್ರು. ಅದರೊಳಗೆ ಅವರೇ ಕಿವಿಯಿಟ್ಟು ಕೂಡಿಸಿದ್ದ ಎಂಟು ಸೌಂಡ್ ಹಾಗೇ ಇದ್ವು. ಒಂದರ ಹೆಸರು ಇಂಗ್ಲಿಷ್ ಅಕ್ಷರದಲ್ಲಿ ಎಂ, ಎ, ಎಲ್, ಇ ಅಂತಿತ್ತು. ನಾನು ಎಷ್ಟೋ ದಿನ ‘ಮೇಲ್’ ಅಂತ, ಅಂದ್ರೆ ಗಂಡಸು ಅಂತ ಓದ್ಕೊಂಡಿದ್ದೆ. ಇದೇನು ಗಂಡಸು ಸೌಂಡು ಅಂತ ಯೋಚನೆ. ಕೇಳಿದಾಗ ಅಣ್ಣ ನಕ್ಕು, “ಅದು ಮಳೆ ಮಾರಾಯ. ನಮ್ಮ ಮನೆಯ ಹಂಚಿನ ಮೇಲೆ ಬೀಳುವ ಮಳೆ” ಅಂದ್ರು. ತುಂಬಾ ತಿಳಿಯಾದ ಸೌಂಡು, ಹಿಂದೆ ಉದ್ದಕ್ಕೆ ಎಕೋ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವರು ಹೆಡ್‌ಫೋನ್ ಹಾಕ್ಕೊಂಡು ಅದೊಂದನ್ನೇ ನುಡಿಸ್ತಿದ್ರು.

ಊರಿಗೆ ಹೋದ ಮರುವರ್ಷ ಅಣ್ಣನಿಗೆ ಸ್ಟ್ರೋಕ್ ಆಯ್ತು. ಜೀವಕ್ಕೇನೂ ಆಗಲಿಲ್ಲ, ದೇವರು ದೊಡ್ಡವನು. ಆದರೆ ಎಡಗೈ ಸ್ವಾಧೀನ ಕಮ್ಮಿಯಾಯ್ತು. ಗಿಟಾರ್‌ನಲ್ಲಿ ಕಾರ್ಡ್ ಹಿಡಿಯೋದು ಎಡಗೈ.

ಈಗ 2022ರ ರಾಜ್ಯೋತ್ಸವಕ್ಕೆ ಬರ್ತೀನಿ. ಕಾರ್ಯಕ್ರಮಕ್ಕೆ ಎರಡು ದಿನ ಇತ್ತು. ಈ ಸಲ ಎಲ್ಲಾ ನೀಟಾಗಿ ಜೋಡಿಸಿಡೋಣ, ಅಣ್ಣನ ಸೌಂಡ್‌ಗಳನ್ನ ಕಂಪ್ಯೂಟರ್‌ನಲ್ಲಿ ಒಂದು ಕಾಪಿ ಇಟ್ಕೊಳ್ಳೋಣ ಅಂತ ಕೂತೆ. ಆ ಸಾಫ್ಟ್‌ವೇರಿನಲ್ಲಿ ಎಡಗಡೆ ಕಂಪ್ಯೂಟರಿನ ಪಟ್ಟಿ, ಬಲಗಡೆ ಆಂಪಿನ ಪಟ್ಟಿ, ನಡುವೆ ‘ಸಿಂಕ್’ ಅಂತ ಒಂದು ಬಟನ್. ಒತ್ತಿದೆ. ‘ಸಿಂಕ್ ಮಾಡಲಾ?’ ಅಂತ ಕೇಳ್ತು. ಓಕೆ ಅಂದೆ. ನಾನು ಅಂದ್ಕೊಂಡಿದ್ದು ಆಂಪಿನಲ್ಲಿರೋದು ಕಂಪ್ಯೂಟರಿಗೆ ಬರುತ್ತೆ ಅಂತ. ಆಗಿದ್ದು ಉಲ್ಟಾ. ಕಂಪ್ಯೂಟರಿನಲ್ಲಿದ್ದ ನನ್ನ ‘ನ್ಯೂ 1’, ‘ಫೈನಲ್ ಇದೇ’ ಎಲ್ಲಾ ಹೋಗಿ ಆಂಪಿನಲ್ಲಿ ಕೂತ್ವು. ಅಣ್ಣನ ಎಂಟೂ ಹೋದ್ವು. ವಾಪಸ್ ತರೋ ದಾರಿ ಇಲ್ಲ. ನಾಲ್ಕು ಸೆಕೆಂಡಿನ ಕೆಲಸ.

ಅವತ್ತು ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. “ಅಣ್ಣ, ನಿಮ್ಮ ಸೌಂಡ್ ಎಲ್ಲಾ ಹೋಯ್ತು ಕಣಣ್ಣ, ನಾನೇ ಅಳಿಸಿಬಿಟ್ಟೆ” ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಳುವುದು ಎಂತಕ್ಕೆ? ಪೆನ್ನು ಉಂಟಾ? ಬರ್ಕೋ” ಅಂದ್ರು. ನಾಬ್‌ಗಳ ಜಾಗವನ್ನ ಗಡಿಯಾರದ ಲೆಕ್ಕದಲ್ಲಿ ಹೇಳ್ತಾ ಹೋದ್ರು. ಬಾಸ್ ಹತ್ತು ಗಂಟೆಗೆ, ಟ್ರೆಬಲ್ ಎರಡು ಗಂಟೆಗೆ, ಗೇನ್ ಒಂಬತ್ತಕ್ಕೆ. ಎರಡು ವರ್ಷದ ಹಿಂದಿನದು, ಅದೂ ಸ್ಟ್ರೋಕ್ ಆದ ಮೇಲೆ. ಎಂಟರಲ್ಲಿ ಐದು ಹೇಳಿದ್ರು. ಮೂರು ನೆನಪಾಗಲಿಲ್ಲ. ಮಳೆ ಆ ಮೂರರಲ್ಲಿ ಒಂದು.

ಕಾರ್ಯಕ್ರಮ ಹೇಗೋ ಆಯ್ತು, ನೀವೂ ಚಪ್ಪಾಳೆ ಹೊಡೆದ್ರಿ. ಆದರೆ ನನಗೆ ಸಿಟ್ಟು ಇಳಿದಿರಲಿಲ್ಲ. ಆ ಸಾಫ್ಟ್‌ವೇರಿನವರಿಗೆ ಮೊಬೈಲಲ್ಲಿ ಬರೆದೆ: “ತುಂಬಾ ಕೆಟ್ಟ ಸಾಫ್ಟ್‌ವೇರ್. ವೇಸ್ಟ್. ಯಾರೂ ಹಾಕ್ಕೋಬೇಡಿ.” ಒಂದು ಸ್ಟಾರ್ ಒತ್ತಿದೆ. ಒಂದು ತಿಂಗಳಾದರೂ ಏನೂ ಉತ್ತರ ಇಲ್ಲ. ‘ನೋಡಿದ್ಯಾ, ನಮ್ಮಂಥೋರ ಮಾತಿಗೆ ಬೆಲೆ ಇಲ್ಲ’ ಅಂತ ರೂಮಿನಲ್ಲಿ ಹೇಳ್ಕೊಂಡು ತಿರುಗಾಡಿದೆ.

ಒಂದು ದಿನ ಡ್ಯೂಟಿಯಲ್ಲಿ ಒಂದು ಚೀಟಿ ಬಂತು. ಮೊದಲೇ ಹೇಳಿದೆನಲ್ಲ, ಆ ಥರದ್ದು. “ಕರೆಂಟ್ ಪ್ರಾಬ್ಲಂ. ತುಂಬಾ ಕೆಟ್ಟ ಸರ್ವಿಸ್.” ಫ್ಲಾಟ್ ನಂಬರೂ ಸರಿಯಾಗಿರಲಿಲ್ಲ. ನಲವತ್ತು ನಿಮಿಷ ಮೇಲೆ ಕೆಳಗೆ ಓಡಾಡಿದೆ. ‘ಏನಾಗಿದೆ ಅಂತ ಬರೆಯೋಕೆ ಏನು ರೋಗ ಇವರಿಗೆ’ ಅಂತ ಬಯ್ಕೊಂಡು ಲಿಫ್ಟಿನಲ್ಲಿ ನಿಂತಾಗ ಹೊಳೀತು. ನಾನು ಆ ಸಾಫ್ಟ್‌ವೇರಿನವರಿಗೆ ಬರೆದಿದ್ದೂ ಇದೇ ಚೀಟಿ. ಅವರ ಜಾಗದಲ್ಲಿ ನಾನಿದ್ರೆ ಏನು ಮಾಡ್ತಿದ್ದೆ? ಯಾವ ಬಟನ್? ಯಾವ ಆಂಪ್? ಏನು ಹೋಯ್ತು? ಒಂದೂ ಹೇಳಿರಲಿಲ್ಲ. ಬರೀ ನನ್ನ ಸಿಟ್ಟು ಕಳಿಸಿದ್ದೆ.

ಅವತ್ತು ರಾತ್ರಿ ಮತ್ತೆ ಬರೆದೆ. ನನಗೆ ಬರೋ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ಸಾಲುಗಳಲ್ಲಿ. ಅದರ ಸಾರ ಇಷ್ಟು:

ಒಂದು, ನಾನು ಮಾಡೋಕೆ ಹೊರಟಿದ್ದು: ಆಂಪಿನಲ್ಲಿದ್ದ ಎಂಟು ಸೌಂಡುಗಳ ಕಾಪಿಯನ್ನ ಕಂಪ್ಯೂಟರಿನಲ್ಲಿ ಇಡೋದು.

ಎರಡು, ಒತ್ತಿದ್ದು: ನಡುವಿನ ಸಿಂಕ್ ಬಟನ್, ಆಮೇಲೆ ಓಕೆ.

ಮೂರು, ಆಗಿದ್ದು: ಕಂಪ್ಯೂಟರಿನವು ಆಂಪಿಗೆ ಹೋಗಿ ಹಳೆಯವು ಅಳಿಸಿದವು.

ನಾಲ್ಕು, ಆಗುತ್ತೆ ಅಂದ್ಕೊಂಡಿದ್ದು: ಆಂಪಿನವು ಕಂಪ್ಯೂಟರಿಗೆ ಬರುತ್ತೆ. ಯಾವ ಕಡೆಯಿಂದ ಯಾವ ಕಡೆಗೆ ಅಂತ ಬಟನ್ ಮೇಲೂ ಇಲ್ಲ, ಕೇಳೋ ಪ್ರಶ್ನೆಯಲ್ಲೂ ಇಲ್ಲ.

ಐದು, ಪ್ರತಿ ಸಲ ಆಗುತ್ತಾ: ಹೌದು. ಬೇಡದ ಸೌಂಡ್ ಇಟ್ಟು ಮೂರು ಸಲ ಮಾಡಿ ನೋಡಿದ್ದೀನಿ.

ಆರು, ಸಾಫ್ಟ್‌ವೇರಿನ ವರ್ಷನ್ ಇದು, ಆಂಪಿನ ವರ್ಷನ್ ಇದು, ಕಂಪ್ಯೂಟರ್ ಇಂಥದ್ದು. ಜೊತೆಗೆ ಸ್ಕ್ರೀನಿನ ಎರಡು ಫೋಟೋ.

ಕೊನೆಗೆ ಒಂದು ಸಾಲು ಸೇರಿಸಿದೆ: “ಈ ಸೌಂಡುಗಳನ್ನ ಮಾಡಿದವರಿಗೆ ಈಗ ಗಿಟಾರ್ ನುಡಿಸೋಕೆ ಆಗಲ್ಲ. ಅದಕ್ಕೆ ಬರೀತಿದ್ದೀನಿ.” ಇದನ್ನ ಹಾಕಲೋ ಬೇಡವೋ ಅಂತ ಯೋಚಿಸಿದೆ. ಎಷ್ಟು ನಷ್ಟ ಆಯ್ತು ಅನ್ನೋದೂ ವರದಿಯ ಒಂದು ಭಾಗವೇ ಅಂತ ಹಾಕಿದೆ.

ಮೂರನೇ ದಿನಕ್ಕೆ ಉತ್ತರ ಬಂತು. ಅದು ದೊಡ್ಡ ಕಂಪನಿಯೇನಲ್ಲ, ಸಣ್ಣ ತಂಡ. “ಕ್ಷಮಿಸಿ, ನೀವು ಹೇಳಿದ ಹಾಗೇ ಮಾಡಿ ನೋಡಿದೆವು, ನಮಗೂ ಹಾಗೇ ಆಯಿತು” ಅಂತ. ಸ್ನೇಹಿತರೇ, ರಿಪೇರಿ ಮಾಡೋನಿಗೆ ಇದಕ್ಕಿಂತ ದೊಡ್ಡ ಸಹಾಯ ಇಲ್ಲ. ತಪ್ಪು ಅವನ ಕಣ್ಣ ಮುಂದೆ ಆಗಬೇಕು. ನಮ್ಮ ಕೆಲಸದಲ್ಲೂ ಅಷ್ಟೇ. ನಾವು ಹೋದಾಗ ಮಾತ್ರ ಸರಿಯಾಗಿ ಉರಿಯೋ ಲೈಟನ್ನ ಯಾರು ರಿಪೇರಿ ಮಾಡ್ತಾರೆ?

ಕೆಲವು ತಿಂಗಳಾದ ಮೇಲೆ ಹೊಸ ವರ್ಷನ್ ಬಂತು. ಸಿಂಕ್ ಬಟನ್ ಹೋಗಿ ಎರಡು ಬಾಣದ ಗುರುತು ಬಂದಿತ್ತು, ಆಂಪಿನಿಂದ ಕಂಪ್ಯೂಟರಿಗೆ ಒಂದು, ಕಂಪ್ಯೂಟರಿನಿಂದ ಆಂಪಿಗೆ ಒಂದು. ಅಳಿಸೋ ಮೊದಲು ‘ಈ ಎಂಟು ಹೋಗುತ್ತವೆ’ ಅಂತ ಹೆಸರು ಸಮೇತ ತೋರಿಸುತ್ತೆ. ತಾನೇ ಒಂದು ಬ್ಯಾಕಪ್ಪೂ ತೆಗೆದಿಡುತ್ತೆ. ನಮ್ಮ ಕೆಲಸದಲ್ಲಿ ಲೈನ್ ಆಫ್ ಮಾಡಿ, ಬೀಗ ಹಾಕಿ, ಟ್ಯಾಗ್ ತೂಗುಹಾಕ್ತೀವಲ್ಲ, ಅಂಥದ್ದೇ. ತಪ್ಪು ಮಾಡಬೇಡಿ ಅಂತ ಬುದ್ಧಿ ಹೇಳೋದಲ್ಲ, ತಪ್ಪಾದರೂ ಅನಾಹುತ ಆಗದ ಹಾಗೆ ನೋಡೋದು.

ಅಲ್ಲಿಂದ ನನಗೆ ಹುಚ್ಚು ಹಿಡೀತು. ಏನು ಕಂಡರೂ ಬರೆಯೋಕೆ ಶುರು ಮಾಡಿದೆ. ಎಲ್ಲಾ ಸರಿಯಾಗಿತ್ತು ಅಂತ ಹೇಳಲ್ಲ. ಎರಡು ಸಲ ನಾನೇ ಪೆದ್ದನಾದೆ. ಅದನ್ನೂ ಹೇಳ್ತೀನಿ.

ಒಂದು ಸಲ, “ರೂಮಿನಲ್ಲಿ ಮಾಡಿಟ್ಟ ಸೌಂಡ್ ಹಾಲಿನಲ್ಲಿ ಬದಲಾಗಿದೆ, ನಿಮ್ಮ ಸಾಫ್ಟ್‌ವೇರ್ ಸರಿಯಾಗಿ ಸೇವ್ ಮಾಡ್ತಿಲ್ಲ” ಅಂತ ಬರೆದೆ. ನಂಬರ್ ಹೋಲಿಸಿ ನೋಡಿ ಅಂದ್ರು. ನೋಡಿದೆ, ಒಂದು ಅಂಕಿಯೂ ಬದಲಾಗಿರಲಿಲ್ಲ. ಬದಲಾಗಿದ್ದು ನನ್ನ ಕಿವಿ. ಸೌಂಡ್ ಮೆಲ್ಲಗೆ ಇದ್ದಾಗ ಮನುಷ್ಯನ ಕಿವಿಗೆ ಬಾಸ್ ಕಮ್ಮಿ ಕೇಳುತ್ತೆ. ಜೋರಾದ ಹಾಗೆ ಬಾಸ್ ತಾನೇ ಮೇಲೆ ಬರುತ್ತೆ. ಅಮೆರಿಕದ ಬೆಲ್ ಲ್ಯಾಬ್ಸ್‌ನ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಇದನ್ನ 1933ರಲ್ಲೇ ಅಳತೆ ಮಾಡಿ ಗ್ರಾಫ್ ಹಾಕಿ ಪ್ರಕಟಿಸಿದ್ದಾರಂತೆ. ನಾನು ರಾತ್ರಿ ಹೆಡ್‌ಫೋನ್‌ನಲ್ಲಿ ಮೆಲ್ಲಗೆ ಕೇಳ್ತಾ, ಸಾಲದು ಅಂತ ಬಾಸ್ ಏರಿಸಿದ್ದೆ. ಅದೇ ಹಾಲಿನಲ್ಲಿ ಡಬ್ಬ ಬಡಿದ ಹಾಗಾಯ್ತು. ಈಗ ಒಂದೇ ಸೌಂಡಿಗೆ ಎರಡು ಇಟ್ಟಿದ್ದೀನಿ. ಹೆಸರಿನ ಕೊನೆಗೆ ‘ರೂಮ್’, ‘ಹಾಲ್’ ಅಂತ. ಗಿಟಾರ್ ನುಡಿಸೋ ತಮ್ಮಂದಿರು ಯಾರಾದ್ರೂ ಇದ್ದರೆ ಇದೊಂದು ನೆನಪಿಟ್ಕೊಳ್ಳಿ.

ಇನ್ನೊಂದು ಸಲ ಸಂಘದ ದುಡ್ಡಿನಲ್ಲಿ ತಂದ ದೊಡ್ಡ ಆಂಪ್ ವಿಷಯ. ಕಾಲಲ್ಲಿ ಒತ್ತೋ ಪೆಡಲ್‌ನಲ್ಲಿ 5 ಅಂತಿಟ್ಟರೆ ಆಂಪ್ 6ಕ್ಕೆ ಹೋಗ್ತಿತ್ತು. ತಪ್ಪು ಹಿಡಿದೆ ಅಂತ ಖುಷಿಯಿಂದ ಬರೆದೆ. ಅವರು ವಿವರಿಸಿದ್ರು: ಈ ಪೆಡಲ್‌ಗಳು ಮಾತಾಡೋ ಭಾಷೆ ಮಿಡಿ, 1983ರಿಂದ ಬಳಕೆಯಲ್ಲಿರೋದು. ಅದರಲ್ಲಿ ಒಟ್ಟು 128 ನಂಬರ್, 0ಯಿಂದ 127. ಕೆಲವರು ಅದನ್ನೇ 1ರಿಂದ 128 ಅಂತ ತೋರಿಸ್ತಾರೆ. ನಮಗೆ ಇದು ಹೊಸದಾ? ಊರಿನ ಕೆಲವು ಬಿಲ್ಡಿಂಗ್‌ನಲ್ಲಿ ನೆಲಮಹಡಿಯನ್ನೇ ಒಂದು ಅಂತ ಎಣಿಸ್ತಾರೆ. ಇಲ್ಲಿ ಲಿಫ್ಟಿನಲ್ಲಿ ಮೊದಲು ಜಿ, ಅದರ ಮೇಲೆ 1. ಇಬ್ಬರೂ ಸರಿ, ಆದರೆ ಐದನೇ ಮಹಡಿಗೆ ಹೋಗು ಅಂದ್ರೆ ಬೇರೆ ಬೇರೆ ಮನೆ ಬಾಗಿಲು ತಟ್ಟುತ್ತಾರೆ. “ತಪ್ಪು ನನ್ನದು, ಆದರೆ ಹೊಸಬರಿಗೆ ಈ ಮಾತು ನಿಮ್ಮ ಸ್ಕ್ರೀನಿನಲ್ಲೇ ಒಂದು ಸಾಲು ಹಾಕಿ” ಅಂತ ಬರೆದೆ. ಹಾಕಿದ್ರು. ತಪ್ಪು ದೂರು ಕೊಟ್ಟೆ ಅಂತ ಯಾರೂ ಬಯ್ಯಲಿಲ್ಲ.

ಇನ್ನೊಂದು ಪಾಠ ಕಲಿತೆ. ನಮಗೆ ಏನು ಬೇಕು ಅಂತ ಹೇಳೋದು ಬೇರೆ, ನೀವು ಇದನ್ನೇ ಮಾಡಿ ಅಂತ ಹೇಳೋದು ಬೇರೆ. ಒಂದು ಕಾರ್ಯಕ್ರಮದಲ್ಲಿ ಹದಿನೈದು ಹಾಡು ಇರುತ್ತೆ. ನಾನು ಪ್ರತಿ ಹಾಡಿಗೂ ಒಂದೊಂದು ಕಾಪಿ ಮಾಡ್ತಿದ್ದೆ, ಐದು ಹಾಡಿಗೆ ಒಂದೇ ಸೌಂಡ್ ಆದರೂ ಐದು ಕಾಪಿ. ಆಮೇಲೆ ಸೌಂಡ್ ಚೆಕ್‌ನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಬೇಕು ಅಂದ್ರೆ ಐದು ಕಡೆ ಇಳಿಸಬೇಕು, ಒಂದು ಮರೆತುಹೋಗುತ್ತೆ. ನಾನು “ಆಂಪಿನಲ್ಲಿ ಜಾಗ ಜಾಸ್ತಿ ಮಾಡಿ” ಅಂತ ಕೇಳಿದೆ. ಅದು ಆಂಪ್ ಒಳಗಿನ ವಿಷಯ, ನಮ್ಮ ಕೈಲಿಲ್ಲ ಅಂದ್ರು. ಆಗ ಕೇಳೋ ರೀತಿ ಬದಲಿಸಿದೆ: “ನಾನು ಹದಿನೈದು ಹಾಡು ಸಾಲಾಗಿ ನುಡಿಸಬೇಕು, ಒಂದೇ ಸೌಂಡ್ ಐದು ಕಡೆ ಬರುತ್ತೆ, ಒಂದು ಕಡೆ ಸರಿ ಮಾಡಿದರೆ ಎಲ್ಲಾ ಕಡೆ ಸರಿಯಾಗಬೇಕು.” ಮೆಟ್ಟಿಲಿನ ಲೈಟಿಗೆ ಟೂ-ವೇ ಸ್ವಿಚ್ ಹಾಕ್ತೀವಲ್ಲ. ಕೆಳಗೊಂದು ಸ್ವಿಚ್, ಮೇಲೊಂದು ಸ್ವಿಚ್, ಲೈಟ್ ಒಂದೇ. ಎರಡು ಕಡೆ ಬೇಕು ಅಂತ ಎರಡು ಲೈಟ್ ಹಾಕಲ್ಲ. ಈಗ ಅವರು ಕಂಪ್ಯೂಟರಿನಲ್ಲಿ ಹಾಡಿನ ಪಟ್ಟಿ ಅಂತ ಬೇರೆ ಮಾಡಿದ್ದಾರೆ. ಪಟ್ಟಿಯಲ್ಲಿ ಇರೋದು ಸೌಂಡಿನ ಹೆಸರು ಮಾತ್ರ, ಸೌಂಡ್ ಒಂದೇ ಕಡೆ ಇರುತ್ತೆ. ಇದನ್ನ ಕೇಳಿದವನು ನಾನೊಬ್ಬನೇ ಅಲ್ಲ, ಬಹಳ ಜನ ಕೇಳಿದ್ದರಂತೆ. ಅದಕ್ಕೇ ಆಯ್ತು.

ಕೊನೆಯದು ಕನ್ನಡದ ವಿಷಯ. ಆ ‘ಗಂಡಸು’ ಅಂತ ಓದಿದ್ದೆನಲ್ಲ, ಅದು ಮನಸ್ಸಲ್ಲೇ ಇತ್ತು. ಪ್ರೀಸೆಟ್ ಹೆಸರು ಕನ್ನಡದಲ್ಲಿ ಟೈಪ್ ಮಾಡಿದೆ. ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣ್ತು. ಆಂಪಿನ ಪುಟ್ಟ ಸ್ಕ್ರೀನಿನಲ್ಲಿ ಬರೀ ಪ್ರಶ್ನೆ ಗುರುತು. ಬರೆದು ಕೇಳಿದೆ. ಆ ಆಂಪ್ ಒಳಗೆ ಇಂಗ್ಲಿಷ್ ಅಕ್ಷರ ಮಾತ್ರ ಇದೆ, ಹೆಸರಿಗೆ 16 ಅಕ್ಷರದ ಜಾಗ, ಅಂದ್ರೆ 16 ಬೈಟು, ಅಂದ್ರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡೋ ನನ್ನ ಭಾವನ ಹತ್ತಿರ ಕೇಳಿದಾಗ ಲೆಕ್ಕ ಹಾಕಿ ತೋರಿಸಿದ್ರು. ‘ಸ್ತ್ರೀ’ ಅನ್ನೋದು ನಮ್ಮ ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ಸ, ಒತ್ತು, ತ, ಒತ್ತು, ರ, ದೀರ್ಘ ಅಂತ ಆರು ತುಂಡು. ಈಗ ಎಲ್ಲಾ ಕಡೆ ಬಳಸೋ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರು ಬೈಟು, ಒಟ್ಟು 18. ಅಂದ್ರೆ ನಮ್ಮ ಒಂದೇ ಒಂದು ಅಕ್ಷರ ಆ 16ರ ಡಬ್ಬಿಯೊಳಗೆ ಹಿಡಿಸಲ್ಲ! ಇದನ್ನೇ ಅವರಿಗೆ ಬರೆದೆ. ಅವರಿಗೆ ಇದು ಗೊತ್ತೇ ಇರಲಿಲ್ಲವಂತೆ. ಆಂಪಿನ ಸ್ಕ್ರೀನ್ ಬದಲಿಸೋಕೆ ಆಗಲ್ಲ, ಆದರೆ ಕಂಪ್ಯೂಟರಿನಲ್ಲಿ ಪ್ರತಿ ಸೌಂಡಿನ ಕೆಳಗೆ ಟಿಪ್ಪಣಿ ಬರೆಯೋಕೆ ಜಾಗ ಕೊಟ್ಟರು. ಅಲ್ಲಿ ಎಷ್ಟು ಬೇಕಾದರೂ ಕನ್ನಡ ಬರೀಬಹುದು. ಕೇಳಿದ್ದೆಲ್ಲಾ ಸಿಗಲ್ಲ. ಆದರೆ ಕೇಳದೇ ಇದ್ದಿದ್ದರೆ ಅಷ್ಟೂ ಸಿಕ್ತಿರಲಿಲ್ಲ.

ಸ್ನೇಹಿತರೇ, ಗಿಟಾರ್ ಇಲ್ಲದವರಿಗೆ ಇದರಿಂದ ಏನು ಅಂತ ನೀವು ಕೇಳಬಹುದು. ನಾವು ಇಲ್ಲಿ ಬಾಯಿ ಬಿಡೋಕೆ ಹೆದರ್ತೀವಿ. ಇಂಗ್ಲಿಷ್ ಸರಿಯಿಲ್ಲ, ಯಾಕೆ ಬೇಕು, ದೂರು ಕೊಟ್ಟ ಅಂತ ಹೆಸರು ಬಂದರೆ ಕಷ್ಟ. ಇಲ್ಲಾಂದ್ರೆ ಒಂದು ದಿನ ಸಿಟ್ಟು ನೆತ್ತಿಗೇರಿ ಕೂಗಾಡ್ತೀವಿ. ಎರಡರ ನಡುವೆ ಒಂದು ದಾರಿ ಇದೆ ಅಂತ ನನಗೆ ಗೊತ್ತಾಗಿದ್ದು ಈ ಸಣ್ಣ ಆಂಪಿನಿಂದ. ದೂರು ಅಂದ್ರೆ ಯಾರದು ತಪ್ಪು ಅಂತ ಹೇಳೋದು. ವರದಿ ಅಂದ್ರೆ ಏನಾಯ್ತು ಅಂತ ಹೇಳೋದು. ವರದಿಗೆ ಎದುರಿನವನು ಸಿಟ್ಟಾಗೋಕೆ ಕಾರಣ ಕಮ್ಮಿ, ಕೆಲಸ ಮಾಡೋಕೆ ಕಾರಣ ಜಾಸ್ತಿ.

ಹೋದ ವರ್ಷ ಒಂದು ಕಡೆ ಟೆಂಪರರಿ ಪ್ಯಾನಲ್‌ನಲ್ಲಿ ಅರ್ಥ್ ಲೀಕೇಜ್ ಬ್ರೇಕರನ್ನ ಯಾರೋ ಬೈಪಾಸ್ ಮಾಡಿದ್ದರು. ಪದೇ ಪದೇ ಟ್ರಿಪ್ ಆಗುತ್ತೆ, ಕೆಲಸ ನಿಲ್ಲುತ್ತೆ ಅಂತ. ಪಕ್ಕದಲ್ಲೇ ನೀರು ನಿಂತಿತ್ತು, ಹುಡುಗರು ಅಲ್ಲೇ ಗ್ರೈಂಡರ್ ಓಡಿಸ್ತಿದ್ರು. ಮೊದಲಾಗಿದ್ರೆ ನಾನು ಒಂದೋ ಸುಮ್ಮನಿರ್ತಿದ್ದೆ, ಇಲ್ಲಾಂದ್ರೆ ಫೋರ್‌ಮ್ಯಾನ್ ಜೊತೆ ಜಗಳಕ್ಕೆ ಹೋಗ್ತಿದ್ದೆ. ಅವತ್ತು ಚೀಟಿ ಬರೆದೆ. ಯಾವ ಪ್ಯಾನಲ್, ಏನು ಕಂಡೆ, ಮುಟ್ಟಿದರೆ ಏನಾಗಬಹುದು, ಟ್ರಿಪ್ ಆಗ್ತಿರೋದು ಯಾವ ಮೆಷಿನ್‌ನಿಂದ ಇರಬಹುದು, ಒಂದು ಫೋಟೋ. ಯಾರು ಮಾಡಿದ್ದು ಅಂತ ಬರೆಯಲಿಲ್ಲ. ಮಧ್ಯಾಹ್ನದೊಳಗೆ ಪ್ಯಾನಲ್ ಆಫ್ ಆಯ್ತು. ಲೀಕ್ ಇದ್ದದ್ದು ಒಂದು ಹಳೇ ಗ್ರೈಂಡರ್‌ನಲ್ಲಿ. ಸೌಂಡ್ ಹೋದರೆ ಸೌಂಡ್ ಅಷ್ಟೇ. ಇಲ್ಲಿ ಹೋಗ್ತಿದ್ದದ್ದು ಬೇರೆ.

ಈ ಸಲ ರಜೆಗೆ ಹೋದಾಗ ಆಂಪ್ ತಗೊಂಡು ಹೋದೆ. ಅಲ್ಲೂ ಇಲ್ಲೂ ಒಂದೇ 230 ವೋಲ್ಟ್, 50 ಹರ್ಟ್ಸ್, ಪ್ಲಗ್ ಮಾತ್ರ ಬೇರೆ. ತುಮಕೂರಿನಿಂದ ಬಸ್ ಹತ್ತಿ ಅಣ್ಣನ ಮನೆಗೆ ಹೋದೆ. ಅತ್ತಿಗೆ ಊಟಕ್ಕೆ ಹಾಕಿದ್ರು. ಆಮೇಲೆ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಅಣ್ಣನ ಕಿವಿಗೆ ಹೆಡ್‌ಫೋನ್ ಹಾಕಿದೆ. ಗಿಟಾರ್ ನಾನು ನುಡಿಸಿದೆ, ನಾಬ್ ಅವರು ಬಲಗೈಯಲ್ಲಿ ತಿರುಗಿಸಿದ್ರು. ಒಂದು ಗಂಟೆ ಹಿಡೀತು. ಎಕೋ ಏರಿಸ್ತಾರೆ, ಇಳಿಸ್ತಾರೆ, ತಲೆ ಆಡಿಸ್ತಾರೆ. ಕೊನೆಗೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿ, “ಅದೇ ಅಲ್ಲ. ಇದು ಬೇರೆ ಮಳೆ. ಆದ್ರೆ ಅಡ್ಡಿಯಿಲ್ಲ, ಇಟ್ಕೋ” ಅಂದ್ರು.

ಉಳಿಸಿದೆ. ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಹಾಕಿದೆ, ಬೇರೆ ದಾರಿಯಿಲ್ಲ. ಕೆಳಗೆ ಟಿಪ್ಪಣಿಯಲ್ಲಿ ಕನ್ನಡದಲ್ಲಿ ‘ಮಳೆ’ ಅಂತ ಬರೆದು, ಯಾರು ಮಾಡಿದ್ದು, ಯಾವ ಊರು, ಯಾವ ದಿನ ಅಂತ ಸೇರಿಸಿದೆ. ಆಮೇಲೆ ಆಂಪಿನಿಂದ ಕಂಪ್ಯೂಟರಿಗೆ ಅನ್ನೋ ಬಾಣ ಒತ್ತಿದೆ. ಒತ್ತೋ ಮೊದಲು ಎರಡು ಸಲ ನೋಡಿದೆ.

ಇವತ್ತು ಸಂಜೆ ಕಾರ್ಯಕ್ರಮದ ಮೂರನೇ ಹಾಡಿಗೆ ಆ ಸೌಂಡ್ ಬರುತ್ತೆ. ಕೇಳಿ. ಚೆನ್ನಾಗಿಲ್ಲ ಅನ್ನಿಸಿದರೆ ಬಂದು ಹೇಳಿ. ಬರೀ ಸರಿಯಿಲ್ಲ ಅನ್ನಬೇಡಿ, ಎಲ್ಲಿ ಕೂತಿದ್ರಿ, ಏನು ಕೇಳಿಸ್ತು ಅಂತ ಹೇಳಿ. ಸರಿ ಮಾಡ್ತೀನಿ.